ಪಾವ್ಲಿ

ಬಜಾರದಾಗ ಪಾವ್ಲಿ ನಡಿಯೂದು ಬಂದಾದ ವರ್ಷ
ನೀ ಬಂದಿ.
ಕಂದು ಹಣಿ ನಡಬರಕ ದುಂಡನ ಬಿಳಿ ಮಚ್ಚಿ,
ಅಳತಿಗಿ ಸರೀ ನಾಕಾಣೆ.
"ಯಾರೂ ತಗೊಳ್ಳಲಾರದ ರೊಕ್ಕ
ನಮ್ಮ ಮನಿಗಿ ಬಂದದ ನೋಡು" ಅಂದ ಅಪ್ಪ.
ಅವತ್ತೇ ಹೆಸರು ಬಿತ್ತು.

ಶಹಾಬಾದದಾಗ ಹುಟ್ಟಿದವರಿಗಿ
ಕಲ್ಲೇ ನೆಲ, ಕಲ್ಲೇ ಗ್ವಾಡಿ, ಕಲ್ಲೇ ಮಾಳಗಿ.
ಮೇ ತಿಂಗಳ ಮಧ್ಯಾಹ್ನ ಊರಿಗಿ ಊರೇ
ರೊಟ್ಟಿ ಹಂಚಿನಂಗ ಕಾದಾಗ
ಹೊಸ್ತಿಲ ಬಾಜು, ನೀರಿನ ಹರವಿ ಬಸಿಯೋ ಕಡೆ
ಒಂದೇ ಒಂದು ಪರಸಿ ತಂಪು.
ಮೂವತ್ತು ವರ್ಷ ಆ ಮನ್ಯಾಗಿದ್ದು
ನಮಗ ಯಾರಿಗೂ ಅದು ಗೊತ್ತಿರಲಿಲ್ಲ.
ನೀ ಬಂದ ಮೂರನೇ ದಿನಕ್ಕ ಹುಡುಕಿದಿ.

ಮುಂಜಾನಿ ಅಪ್ಪನ ಹಿಂದ ಪಾಲಿಶ್ ಕಾರಖಾನಿಗಿ,
ಛಂಜಿಗಿ ಅಪ್ಪನ ಮುಂದ ಮನಿಗಿ.
ಕಲ್ಲಿನ ಧೂಳು ಮೆತ್ತಿ ಇಬ್ಬರದೂ ಒಂದೇ ಬಣ್ಣ.
ಅವ್ವ ಇಬ್ಬರಿಗೂ ಬಾಗಿಲದಾಗೇ ಬೈಯಾಕಿ,
ಒಂದೇ ಬೈಗುಳ, ಎರಡು ಸಲ.

ನಿನ್ನ ಗುನ್ನೆಗಳ ಯಾದಿ ಇಲ್ಲಿ ಬರಿಯಂಗಿಲ್ಲ.
ಖಾಜಾಬಿ ಖಾಲಾನ ಕೋಳಿ, ಅದೊಂದು ಬರೀತೀನಿ,
ಯಾಕಂದ್ರ ಆರು ತಿಂಗಳು ಆಕಿ ನಮ್ಮ ಕೂಡ ಮಾತು ಬಿಟ್ಟಿದ್ದಳು.
ಮೊನ್ನಿ ನೀ ನೀರೂ ಬಿಟ್ಟಾಗ
ಅದೇ ಖಾಲಾ ಎಲುಬಿನ ಸಾರು ಕುದಿಸಿ ತಂದು
ಬಟ್ಟಲಾ ನಿನ್ನ ಮೂಗಿಗಿ ಹಿಡಿದು
"ಪೀ ರೇ, ಕೋಳಿ ಕಳ್ಳಾ, ಪೀ" ಅಂತ
ಸೆರಗು ಬಾಯಿಗಿ ಒತ್ತಿಕೊಂಡಳು.

ದನದ ದವಾಖಾನಿ.
ರಜಿಸ್ಟರಿನಾಗ ಡಾಕ್ಟರು ಬರಕೊಂಡರು:
ನಾಯಿ. ಗಂಡು. ದೇಶಿ.
"ಹೆಸರು?" ಅಂದರು.
"ಪಾವ್ಲಿ" ಅಂದ ಅಪ್ಪ.
ಅವರು ಕೇಳಿದ್ದು ಮಾಲಕರ ಹೆಸರು.
ತಿದ್ದಲಿಲ್ಲ, ಪಾಪ, ಹಂಗೇ ಬಿಟ್ಟರು.

ಸೂಜಿಗಿ ಒಪ್ಪಿಗಿ ಬೇಕಿತ್ತು.
ಅಪ್ಪನ ಬೆರಳು ನಿನಗ ಗೊತ್ತು,
ನಲವತ್ತು ವರ್ಷ ಕಲ್ಲು ತಿಕ್ಕಿ ಗೆರಿ ಸವೆದ ಬೆರಳು,
ರೇಷನ್ ಅಂಗಡಿ ಮಷೀನು
ಒತ್ತಿ ಒತ್ತಿ ನೋಡಿ, ಈ ಮನುಷ್ಯಾ ಇಲ್ಲ ಅನ್ನೂ ಬೆರಳು.
ಅವನ್ನ ಮೂಸಿ ಗುರುತು ಹಿಡಿಯಾಂವ ನೀ ಒಬ್ಬ.
ಆವಾಗೂ ಹಿಡಿದಿ.
ಬಾಲ ಎರಡು ಸಲ ಟೇಬಲ್ಲಿಗಿ ಬಡೀತು.
ಅಪ್ಪ ಪೆನ್ನು ಕೆಳಗಿಟ್ಟ.

ಮತ್ತ ತಗೊಂಡ.

ಈ ಊರಾಗ ಕುಣಿ ತೋಡೂದು ಹಗುರಿಲ್ಲ.
ಗೇಣು ಮಣ್ಣು, ಕೆಳಗ ಕಲ್ಲು,
ಅದರ ಕೆಳಗ ಮತ್ತೊಂದು ಮನಿಗಿ ಆಗೋವಷ್ಟು ಕಲ್ಲು.
ತಮ್ಮ ಭೀಮಶಾನ ಟಂಟಂನಾಗ
ಹಾರಿ, ಸಲಿಕಿ, ಗೋಣಿಚೀಲ, ಅವ್ವ, ಅಪ್ಪ, ನಾನು, ನೀ.
ಕಾಗಿಣಾ ದಂಡಿಗಿ ಕರಿ ಮಣ್ಣು ಅದ,
ಅಲ್ಲಿ ಅಗಿದೆವು, ಟೊಂಕದ ಮಟ.
ಅವ್ವ ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ತಗದಳು.
ಹೋಗೋರ ಹಣಿಗಿ ಹಚ್ಚೂದು ಹಿರ್ಯಾರ ವಾಡಿಕಿ.
ಬಗ್ಗಿದಾಕಿ ಹಂಗೇ ನಿಂತಳು.
"ಇವನ ರೊಕ್ಕ ಇವ
ಬರೋ ಮುಂದೇ ತಂದಿದ್ದನಲ್ಲೋ..."
ರೂಪಾಯಿ ಮತ್ತ ಗಂಟಿಗಿ ಹೋಯ್ತು.
ದೂರ ಒಂದು ಮಾಲಗಾಡಿ ಹೊಂಟಿತ್ತು, ಭಾಳ ಉದ್ದಂದು.
ಭೀಮಶಾ ಸಣ್ಣಾಂವಿದ್ದಾಗಿನಂಗ ಡಬ್ಬಿ ಎಣಿಸಿದ,
ಐವತ್ತರ ಮ್ಯಾಲ ಎಲ್ಲೋ ತಪ್ಪಿದ.

ಹದಿಮೂರು ಬ್ಯಾಸಗಿ ನೀ ಮೈ ತಿಕ್ಕಿದ ಪರಸಿ
ಈಗ ಕನ್ನಡಿ ಆಗ್ಯದ.
"ಮಷೀನಿಗೂ ಇಂಥ ನುಣುಪು ಬರಂಗಿಲ್ಲ" ಅಂದ ಅಪ್ಪ,
ಎಂಟು ದಿನದಾಗ ನಿನ್ನ ಬಗ್ಗೆ ಆಡಿದ್ದು ಅದೊಂದೇ ಮಾತು.
ಅವ್ವ ನೆಲ ಒರಸೋ ಮುಂದ ಅಷ್ಟು ಬಿಟ್ಟು ಒರಸ್ತಾಳ.
ನಾ ರಾತ್ರಿ, ಕರೆಂಟು ಹೋದಾಗೂ,
ಕಾಲು ಎತ್ತಿ ದಾಟತೀನಿ.

ಇವತ್ತು ಮಧ್ಯಾಹ್ನ ಖಾಲಾನ ಕೋಳಿಯೊಂದು
ಅಂಜಿಕೋತ, ಒಂದೊಂದೇ ಹೆಜ್ಜಿ ಇಟ್ಟು ಬಂದು
ಅದರ ಮ್ಯಾಲ ರೆಕ್ಕಿ ಅಗಲಿಸಿ ಕೂತಿತು.
ನಾವು ನಾಕೂ ಮಂದಿ ನೋಡಿದೆವು.
ಯಾರೂ ಹುಶ್ ಅನ್ನಲಿಲ್ಲ.