ವಾರದ ರಜೆ

ಟಿಕೆಟ್ ಚೀಲದಲ್ಲಿ ಎರಡು ಚೀಟಿ.

ಲಕ್ಷ್ಮೀಪುರಂ ಡಾಕ್ಟರದು ಟೋಕನ್ ಮೂವತ್ತೊಂದು.
ನಿದ್ದೆ ಬರುತ್ತಾ, ಊಟ ಸೇರುತ್ತಾ, ಸಾಯಬೇಕು ಅನ್ಸುತ್ತಾ,
'ಒಳಗೆ ನಡೀರಿ, ಒಳಗೆ ನಡೀರಿ' ಅಂತ ನಾನು ಕೂಗೋ ಹಾಗೆ.
ಸುಳ್ಳು ಹೇಳಬಾರದು:
ಅವರ ಬಿಳಿ ಮಾತ್ರೆಯಲ್ಲೇ
ನಾಲ್ಕು ತಿಂಗಳ ಮೇಲೆ ಒಂದು ರಾತ್ರಿ ಪೂರಾ ಮಲಗಿದೆ.

ಒಂಟಿಕೊಪ್ಪಲಿನಾಕೆ ಟೈಲರ್ ಅಂಗಡಿಯ ಮಹಡಿ ಮೇಲೆ.
ಕುರ್ಚಿ ತುದಿಗೆ ಆತುಕೊಂಡಿದ್ದೆ.
'ಪೂರ್ತಿ ಕೂತ್ಕೊಳ್ಳಿ ಚಿಕ್ಕತಾಯಿ,
ಇಲ್ಲಿ ಯಾರೂ ಹತ್ತೋದಿಲ್ಲ.'
ಹನ್ನೊಂದು ವರ್ಷ ನಿಂತ ಕಾಲು
ಆಗ ನೋಯತೊಡಗಿತು.
ಕೆಳಗೆ ಹೊಲಿಗೆ ಮಿಷನ್ನು ನಿಂತು, ಮತ್ತೆ ಓಡಿತು.
ಮಾತೇ ಹೊರಡಲಿಲ್ಲ; ಐನೂರು ಕೊಟ್ಟು ಇಳಿದೆ.

ವಾರಕ್ಕೊಂದೇ ರಜೆ, ನಾಳೆ.
ನೂರರ ನೋಟಿನವರ ಟಿಕೆಟ್ಟಿನ ಹಿಂದೆ ಗೀಚುವಂತೆ
ಒಂಟಿಕೊಪ್ಪಲಿನ ಚೀಟಿಯ ಹಿಂದೆ ಬರೆದೆ:
ಮಾತು ಬಾಕಿ.

ಮಾತ್ರೆ ಇನ್ನೂ ಒಂಬತ್ತು ದಿನಕ್ಕಿದೆ.