ಗಾರೆಯ ಸಾಕ್ಷಿ

ಈ ಬೀದಿಗೆ ಕೊನೆಯಿಲ್ಲ.
ನೂರು ವರ್ಷದ ಹಿಂದೆ ಇಲ್ಲಿ ಕುದುರೆಗಳು ಓಡುತ್ತಿದ್ದವು,
ಪಂದ್ಯ ಕಟ್ಟಿದವರ ದುಡ್ಡು ಧೂಳಾಗುತ್ತಿತ್ತು.
ಆಮೇಲೆ ಧೂಳಿನ ಮೇಲೆ ಡಾಂಬರು, ಡಾಂಬರಿಗೆ ಮರದ ನೆರಳು,
ಮರಗಳಾಚೆ ಮನೆ ಬಂದವು. ಬಾಗು ಮಾತ್ರ ಕುದುರೆಗಳದೇ.
ಹೊರಟ ಬಾಗಿಲಿಗೇ ತಂದು ಬಿಡುತ್ತದೆ ಆಮ್‌ಸ್ಟರ್‌ಡಾಮ್ ಬೀದಿ:
ಹೆಸರು ಎಲ್ಲಿಯದೋ, ಊರು ಮೆಕ್ಸಿಕೊ.

ನನ್ನ ಕೆಲಸ ಬಿರುಕು ಓದುವುದು.
ಬಿರುಕಿಗೆ ಅಡ್ಡಲಾಗಿ ಅಂಗೈಯಗಲ ಗಾರೆ ಮೆತ್ತಿ
ಹಸಿಯಿರುವಾಗಲೇ ಮೊಳೆಯಿಂದ ತಾರೀಖು ಕೆತ್ತುತ್ತೇವೆ.
ಗೋಡೆ ಅಲುಗಿದರೆ ಗಾರೆ ಸೀಳುತ್ತದೆ.
ಕಸುಬಿನವರು ಅದನ್ನು ಸಾಕ್ಷಿ ಎನ್ನುತ್ತಾರೆ.
ಪ್ರಮಾಣ ಮಾಡಿಸಬೇಕಿಲ್ಲ, ಲಂಚ ಮುಟ್ಟುವುದಿಲ್ಲ
ಎಂದೇ ಕಲಿಸಿದ್ದರು ನನಗೆ.

ಮೊದಲನೆಯದು ಹಡಗಿನ ಮೂತಿಯ ಕಟ್ಟಡ.
ಮೂಲೆ ದುಂಡು, ಕಿಟಕಿ ದುಂಡು, ತಾರಸಿಗೂ ಹಡಗಿನ ಕಂಬಿ.
ನಾಲ್ಕು ಸಾಕ್ಷಿ. ನಾಲ್ಕೂ ಗಟ್ಟಿ.

ಎರಡನೆಯದರ ಕಬ್ಬಿಣದ ಬಾಗಿಲಲ್ಲಿ ಸೂರ್ಯ ಹುಟ್ಟುತ್ತಿದ್ದಾನೆ.
ಒಂಬತ್ತು ಕಿರಣ; ಒಂದು ತುಕ್ಕಿನ ಪಾಲು.
ಅದರ ಮುಂದೆ ಹುಡುಗಿಯೊಬ್ಬಳು ಫೋಟೊ ತೆಗೆಸಿಕೊಳ್ಳುತ್ತಿದ್ದಳು
ಗದ್ದ ಎತ್ತಿ, ಇಳಿಸಿ, ಮತ್ತೆ ಎತ್ತಿ.
ಒಳಹೋಗಲು ನಾನು ಸೂರ್ಯನನ್ನು ನೂಕಬೇಕಿತ್ತು.
ಕ್ಷಮಿಸಿ ಎಂದೆ. ಅವಳೂ ಕ್ಷಮಿಸಿ ಎಂದಳು, ಇಂಗ್ಲಿಷಿನಲ್ಲಿ.
ಜಕರಂದದ ನೇರಳೆ ಹೂ ಇಬ್ಬರ ಮೇಲೂ ಒಂದೊಂದು ಬಿತ್ತು.

ಮೂರನೆಯದು ಮಾರ್ಸೆಲಿಯಾ.
ಬಾಗಿಲ ಮೇಲಿನ ಉಕ್ಕಿನ ಅಕ್ಷರಗಳಲ್ಲಿ ಒಂದು ಉದುರಿ
ಹಲ್ಲು ಬಿದ್ದ ನಗೆ.
ಮೆಟ್ಟಿಲ ಕೈಗಂಬಿ ಮಿಂಚಿನ ಹಾಗೆ ಮುರಿಮುರಿದು ಏರುತ್ತದೆ.
ಮೊಸಾಯಿಕ್ ನೆಲದಲ್ಲಿ ಹಸಿರು, ಕಪ್ಪು, ಹಾಲುಗಲ್ಲಿನ ಚೂರು;
ತೊಂಬತ್ತು ವರ್ಷಗಳಲ್ಲಿ ಸವೆದದ್ದು ಚಪ್ಪಲಿಗಳು.
ಲಿಫ್ಟ್ ಇದೆ. ಎಂಬತ್ತೈದರ ಭೂಕಂಪದಿಂದ
ಎರಡನೇ ಮಹಡಿಯಲ್ಲೇ ಇದೆ.

ಏಳನೇ ನಂಬರು. ದೋನ್ಯಾ ಎರ್ಮಿಲಾ.
ಹುಟ್ಟಿದ್ದು ತಾರಸಿಯ ಮೇಲೆ, ಕೆಲಸದವರ ಕೋಣೆಯಲ್ಲಿ.
ಇದೇ ಏಳನೇ ನಂಬರಿನ ನೆಲ ಒರೆಸುತ್ತಿದ್ದಳು ಅವಳವ್ವ.
ಎರಡು ಮಹಡಿ ಇಳಿದು ಬರಲು
ಮಗಳಿಗೆ ನಲವತ್ತು ವರ್ಷ ಹಿಡಿಯಿತು.

'ನೋಡಿ ಇಂಜಿನಿಯರಮ್ಮ' ಎಂದು ಗೋಲಿಯೊಂದನ್ನು ನೆಲಕ್ಕೆ ಬಿಟ್ಟಳು.
ಅದು ಯಾರೂ ಕರೆಯದೆಯೇ ಕಿಟಕಿಯತ್ತ ಹೊರಟಿತು.
'ಹೋದ ವರ್ಷವೂ ಅಲ್ಲಿಗೇ ಹೋಗುತ್ತಿತ್ತು.
ಪಾಪ, ಅದಕ್ಕೂ ಬೆಳಕು ಬೇಕು.'

ನಮ್ಮ ಕಾಲ ಕೆಳಗೆ ಕೆರೆ.
ಮುಚ್ಚಿ ನಾನೂರು ವರ್ಷವಾದರೂ
ತಾನು ಕೆರೆಯೆಂಬುದನ್ನು ಅದು ಮರೆತಿಲ್ಲ.
ಬೇರೆ ಬೇರೆ ವರ್ಷ, ಒಂದೇ ತಾರೀಖು, ಸೆಪ್ಟೆಂಬರ್ ಹತ್ತೊಂಬತ್ತು:
ಜ್ಞಾಪಕಕ್ಕೆ ಬಂದು ಮೈಮುರಿದಿದೆ.

ಬೀರು ಸರಿಸಿ ನೋಡಿದೆ.
ಸಾಕ್ಷಿ ಅಖಂಡ. ಒಂದು ಕೂದಲೆಳೆಯೂ ಇಲ್ಲ.
ಆದರೆ ನಾನು ಏಳರ ಅಂಕಿಗೆ ನಡುಪಟ್ಟಿ ಕಟ್ಟುವವಳು;
ಇಲ್ಲಿ ಕೆತ್ತಿದ ಏಳು ಬರಿನಡು.
ಅಡುಗೆಮನೆಯ ಕಟ್ಟೆಯ ಮೇಲೆ
ಚಾಕೊಲೇಟು ಕದಡುವ ಬಟ್ಟಲು, ಅಂಚಿನಲ್ಲಿ ಬಿಳಿ ಉಂಗುರ.
ಅವಳು ಕೈಗಳನ್ನು ಏಪ್ರನ್ನಿನೊಳಗೆ ಇಟ್ಟುಕೊಂಡಳು.

ಕೆಳಗೆ ಗುಜರಿ ಗಾಡಿಯ ಧ್ವನಿವರ್ಧಕ:
ಹಳೆ ಹಾಸಿಗೆ, ಹಳೆ ಫ್ರಿಜ್, ಹಳೆ ಒಲೆ,
ಮನೆಯಲ್ಲಿ ಬೇಡದ್ದು ಏನಿದ್ದರೂ ಕೊಳ್ಳುತ್ತೇವೆ.
ಎದ್ದು ಕಿಟಕಿ ಮುಚ್ಚಿದಳು.

ನನ್ನ ವಹಿಯಲ್ಲಿ ಎರಡೇ ಕಲಂ:
ಸೀಳಿದೆ. ಸೀಳಿಲ್ಲ.
ಚೀಲದಿಂದ ಗಾರೆ ತೆಗೆದು ಅವಳದೇ ಬಟ್ಟಲಲ್ಲಿ ಕಲೆಸಿ
ಅವಳದರ ಪಕ್ಕಕ್ಕೆ ಇನ್ನೊಂದು ಮೆತ್ತಿದೆ.
ತಾರೀಖು ನೀವೇ ಕೆತ್ತಿ ಎಂದು ಮೊಳೆ ಕೊಡಹೋದರೆ
'ಬೇಡಮ್ಮ, ನನ್ನ ಅಕ್ಷರ ನಿಮಗೆ ಗೊತ್ತಾಗಿಹೋಯಿತಲ್ಲ' ಎಂದಳು.

ಅದಕ್ಕೆ ನಾನು ಏನು ಹೇಳಿದೆನೋ.
ಏನೋ ಹೇಳಿದೆ. ಕಾಫಿಯೂ ಕುಡಿದೆ.

ಸಂಜೆ ಗೆಣಸಿನ ಗಾಡಿ ಉಗಿಯ ಸೀಟಿ ಊದುತ್ತ ಮುಂದೆ ಹೋಯಿತು,
ಹಿಂದೆ ನಾನು, ಎರಡೂ ಕಲಂ ಖಾಲಿ ಇಟ್ಟುಕೊಂಡು,
ಬೀದಿ ಬಾಗಿದತ್ತ ಬಾಗುತ್ತ.
ಅರ್ಧ ಗಂಟೆ ನಡೆದಿರಬೇಕು,
ತಲೆ ಎತ್ತಿದರೆ ಮತ್ತೆ ಮಾರ್ಸೆಲಿಯಾ.
ಮೂರನೇ ಮಹಡಿಯಲ್ಲಿ ದೀಪ.
ಬಗ್ಗಿ ಹುಡುಕುತ್ತಿದ್ದಾಳೆ
ಕಿಟಕಿಯ ಕೆಳಗೆ, ಗೋಲಿಯನ್ನು.