ಗಿಣ್ಣು

ಇಪ್ಪತ್ತಾರನೇ ವಾರ. ಶ್ರೀನಿವಾಸಪುರದ ಆಸ್ಪತ್ರೆ ಬೆಂಚು.
ಸ್ಟೀಲ್ ಲೋಟದ ತುಂಬ ಗ್ಲೂಕೋಸ್ ನೀರು,
ಐದು ನಿಮಿಷದಲ್ಲಿ ಮುಗಿಸಿ
ಎರಡು ಗಂಟೆ ಸುಮ್ಮನೆ ಕೂರಬೇಕು.
ಪಕ್ಕದಲ್ಲಿ ಮುಬೀನಾ
ದುಪಟ್ಟಾ ಬಾಯಿಗೊತ್ತಿ ವಾಂತಿ ತಡೆದಳು.

ನೂರ ಅರವತ್ತೆಂಟು.
ಸಿಸ್ಟರ್ ಜೆಸಿಂತಾ ತಾಯಿ ಕಾರ್ಡಿನಲ್ಲಿ ಬರೆದು
ಕೆಂಪು ಇಂಕಿನ ಸುತ್ತು ಹಾಕಿದರು.
"ರೆಡ್ಡಮ್ಮ, ಸಕ್ಕರೆ ಇದೆ."
ನಮ್ಮನೇಲಿ ಇಲ್ಲ ಸಿಸ್ಟರ್, ಬೆಲ್ಲದ ಟೀ, ಅಂದೆ.
ಅವರು ನಗಲಿಲ್ಲ.
ನಾನೂ ತಮಾಷೆಗೆ ಅಂದಿರಲಿಲ್ಲ.

ಮಂಡಿಯಲ್ಲಿ ನನ್ನ ಕೆಲಸ ಕಾಯಿ ಆರಿಸೋದು.
ಬಾದಾಮಿ ಒಂದು ಕಡೆ, ಬೇನಿಷಾ ಒಂದು ಕಡೆ,
ತೋತಾಪುರಿ ಲಾರಿಗಟ್ಟಲೆ ಜ್ಯೂಸ್ ಫ್ಯಾಕ್ಟರಿಗೆ,
ಏಟು ಬಿದ್ದದ್ದು ನಮಗೆ.
ಈಗ ಕೈ ಮೂಸಿದರೂ ಕದ್ದ ಹಾಗೆ.
ಹಣ್ಣು ತಿಂದೇ ಬಂತು ಅಂತ ನಾದಿನಿ.
ಅನ್ನ ಬಿಡು ಅಂತ ಒಬ್ಬರು,
ಇಬ್ಬರದ್ದೂ ಉಣ್ಣು ಅಂತ ಇನ್ನೊಬ್ಬರು.
ಹೆತ್ತ ಮೇಲೆ ಹೋಗುತ್ತೆ ಅಂತ ಡಾಕ್ಟರು,
ಬಾಗಿಲ ಕಡೆ ನೋಡುತ್ತ.

ನನಗೆ ಕೇಳಬೇಕಿದ್ದದ್ದು ಬೇರೆ.
ರಕ್ತದಲ್ಲಿದ್ದರೆ ಹಾಲಲ್ಲೂ ಇರುತ್ತಾ?
ಎದೆಗೆ ಹಾಕಿಕೊಂಡರೆ ಕೂಸಿಗೂ
ಆ ಕೆಂಪು ಸುತ್ತು ಅಂಟುತ್ತಾ?
ಮೂರು ಸಲ ಹೋದೆ. ಮೂರು ಸಲವೂ
ಬೆರಳು ಚುಚ್ಚಿಸಿಕೊಂಡು
ರಾಯಲ್ಪಾಡಿನ ಬಸ್ಸು ಹತ್ತಿದೆ.
ಮೆಡಿಕಲ್ ಸ್ಟೋರಿನಲ್ಲಿ ಮಾತ್ರ
ಡಬ್ಬಿ ಹಾಲಿನ ಬೆಲೆ ಕೇಳಿದ್ದೆ.
ಎರಡು ದಿನದ ಕೂಲಿ.

ನಾಲ್ಕನೇ ಸಲ ಮುಬೀನಾ ಕೇಳಿಯೇಬಿಟ್ಟಳು, ಎಲ್ಲರೆದುರು:
"ನಮ್ದು ಹಾಲು ಖರಾಬ್ ಆಗ್ತದಾ ಸಿಸ್ಟರ್?"
ಬೆಂಚಿಗೆ ಬೆಂಚೇ ಕತ್ತೆತ್ತಿತು.

ಜೆಸಿಂತಾ ಪೆನ್ನು ಕೆಳಗಿಟ್ಟರು.
ಇಲ್ಲ. ಹುಟ್ಟಿದ ಗಂಟೆಯೊಳಗೆ ಹಾಕಿಕೊಳ್ಳಿ.
ನಿಮ್ಮ ಸಕ್ಕರೆಗೆ ಒಗ್ಗಿದ ಕೂಸು ಅದು,
ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಅದರ ಸಕ್ಕರೆ ಇಳಿದುಬಿಡಬಹುದು.
ಆ ಹಳದಿ ಹಾಲೇ ಆಸರೆ.
ನಿಮ್ಮ ಮೈಗೂ ಒಳ್ಳೆಯದು.

ಮನೆಗೆ ಬಂದು ಹೇಳಿದರೆ ಅತ್ತೆ,
"ಮೊದಲ ಹಾಲು ಕೆಟ್ಟದ್ದು. ಮೂರು ದಿನ ಹಿಂಡಿ ಚೆಲ್ಲಬೇಕು.
ನಾನು ಚೆಲ್ಲಿರಲಿಲ್ವಾ?"

ಹಿತ್ತಲಲ್ಲಿ ಸೀಮೆಹಸು ಈದು ಎರಡು ದಿನ.
ಒಲೆಯಿಂದ ಇಳಿಸಿದ ಗಿಣ್ಣು, ಬೆಲ್ಲ, ಏಲಕ್ಕಿ.
ಚೌಕ ಚೌಕ ಕೊಯ್ದು
ಬೀದಿಗೆಲ್ಲ ಹಂಚಲು ತಟ್ಟೆಗಳು,
ಮೇಲೊಂದೊಂದು ಬಾಳೆಲೆ ಚೂರು.
"ನಿನಗಿಲ್ಲಮ್ಮ. ಸಕ್ಕರೆ."
ಹೂಂ, ಅಂದೆ.
ಇದೂ ಮೊದಲ ಹಾಲೇ ಅಲ್ವಾ ಅತ್ತೆ?

ಚಾಕು ಅರ್ಧದಲ್ಲಿ ನಿಂತಿತು.
ಹೊರಗೆ ಕರು ಗುದ್ದಿ ಗುದ್ದಿ ಕುಡಿಯುತ್ತಿದ್ದದ್ದು ಕೇಳುತ್ತಿತ್ತು.
"ಅದು ಕುಡಿದು ಮಿಕ್ಕಿದ್ದು ಇದು,"
ಅಂದರು, ಎಷ್ಟೋ ಹೊತ್ತಿನ ಮೇಲೆ,
ನನಗಲ್ಲ, ಪಾತ್ರೆಗೆ ಹೇಳುವ ಹಾಗೆ.